ಬಲ್ಬು ಸರಿಯಾಗಿದೆ, ಖಾತೆ ಸರಿಯಿಲ್ಲ: ಮನೆಮಂದಿ ಹಂಚಿಕೊಂಡ ಸ್ಮಾರ್ಟ್ ಸಾಧನಗಳ ದೋಷ ನಿವಾರಣೆ

ಗಂಡನ ಫೋನಿನಲ್ಲಿ ಹಾಲ್ ಲೈಟು ಹತ್ತುತ್ತದೆ, ಹೆಂಡತಿಯ ಫೋನಿನಲ್ಲಿ ಅದೇ ಲೈಟು ಬೂದುಬಣ್ಣ ಬಳಿದುಕೊಂಡು ಕೂತಿರುತ್ತದೆ. ಸ್ಪೀಕರು ಮಗಳು ಕರೆದರೆ ಓ ಅನ್ನುತ್ತದೆ, ಅಜ್ಜಿ ಕರೆದರೆ ಕ್ಯಾರೇ ಅನ್ನುವುದಿಲ್ಲ. ಸಂಪಿನ ಮೋಟರು ಯಾರೂ ಮುಟ್ಟದೆ ಸಂಜೆ ಆರೂವರೆಗೆ ಶುರುವಾಗುತ್ತದೆ. ಇಂಥ ದೂರುಗಳಲ್ಲಿ ಸಾಧನವೇ ಕೆಟ್ಟಿರುವುದು ಕಡಿಮೆ. ಅದು ಯಾರ ಖಾತೆಗೆ ಸೇರಿದೆ, ಉಳಿದವರಿಗೆ ಎಷ್ಟು ಅಧಿಕಾರ ಸಿಕ್ಕಿದೆ ಅನ್ನುವಲ್ಲೇ ಎಡವಟ್ಟಾಗಿರುತ್ತದೆ.

ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ರೀಸೆಟ್. ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ರೀಸೆಟ್ ಮಾಡಿದರೆ ಟೈಮರು, ಹೆಸರು, ಹಂಚಿಕೆ ಎಲ್ಲ ಹೋಗುತ್ತದೆ. ಕೆಲವು ಸಾಧನಗಳಲ್ಲಿ ಹಳೆಯ ಖಾತೆಯ ಬೀಗ ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ರೀಸೆಟ್ ಕಡೆಯಲ್ಲಿ ಬರುತ್ತದೆ.

ಮೊದಲ ಎರಡು ನಿಮಿಷ: ತೊಂದರೆ ಒಬ್ಬರಿಗೋ, ಎಲ್ಲರಿಗೋ?

ಎರಡು ಫೋನುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಒಂದು, ಸಾಧನವನ್ನು ಮೊದಲು ಜೋಡಿಸಿದವರದು. ಇನ್ನೊಂದು, ತೊಂದರೆ ಹೇಳುತ್ತಿರುವವರದು. ಎರಡರಲ್ಲೂ ಅದೇ ಆ್ಯಪ್, ಅದೇ ಸಾಧನ ತೆರೆದು ಮೂರು ಪರೀಕ್ಷೆ ಮಾಡಿ: ಮನೆಯ ವೈಫೈನಲ್ಲಿ, ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ, ಆಮೇಲೆ ಸಾಧನದ ಮೇಲಿನ ಬಟನ್ನನ್ನೇ ಕೈಯಲ್ಲಿ ಒತ್ತಿ.

ಎರಡೂ ಫೋನಿನಲ್ಲಿ ಆಫ್‌ಲೈನ್ ಅಂತ ಬಂದರೆ ಕರೆಂಟು ಅಥವಾ ವೈಫೈ ತೊಂದರೆ. ಮಾಲೀಕರ ಫೋನಿನಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ಮಾಡದಿದ್ದರೆ ಅಧಿಕಾರದ ತೊಂದರೆ, ಇಲ್ಲವೇ ಆ ಫೋನಿನ ಸೆಟ್ಟಿಂಗ್. ವೈಫೈನಲ್ಲಿ ಆಗಿ ಡೇಟಾದಲ್ಲಿ ಆಗದಿದ್ದರೆ ಹೊರಗಿನಿಂದ ನಿಯಂತ್ರಿಸುವ ವ್ಯವಸ್ಥೆ ಇಲ್ಲ. ಡೇಟಾದಲ್ಲಿ ಆಗಿ ವೈಫೈನಲ್ಲಿ ಆಗದಿದ್ದರೆ ಆ ಫೋನು ಅತಿಥಿಗಳಿಗೆಂದು ಬೇರೆ ಇಟ್ಟ ಗೆಸ್ಟ್ ವೈಫೈಗೆ ಅಂಟಿಕೊಂಡಿರಬಹುದು. ಕೈಯಲ್ಲಿ ಒತ್ತಿದರೂ ಅಲ್ಲಾಡದಿದ್ದರೆ ಮಾತ್ರ ಸಾಧನದ ಮೇಲೆ ಅನುಮಾನ ಪಡಿ.

ಎಲ್ಲರ ಫೋನಿನಲ್ಲೂ ಆಫ್‌ಲೈನ್

ಗೋಡೆಯ ಸ್ವಿಚ್ಚು ನೋಡಿ. ನಗು ಬರಬಹುದು, ಆದರೆ ಅತಿ ಸಾಮಾನ್ಯ ಕಾರಣ ಇದೇ. ಮನೆಗೆಲಸದವರೋ ಮನೆಯ ಹಿರಿಯರೋ ಅಭ್ಯಾಸಬಲದಿಂದ ಸ್ವಿಚ್ ಆರಿಸಿ ಹೋಗಿರುತ್ತಾರೆ. ಸ್ವಿಚ್ಚಿನ ಕರೆಂಟು ಹೋದ ಮೇಲೆ ಸ್ಮಾರ್ಟ್ ಬಲ್ಬು ಬರೀ ಗಾಜು. ಆ ಸ್ವಿಚ್ಚಿಗೆ ಒಂದು ಚೂರು ಟೇಪು ಅಂಟಿಸಿದರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಬಲ್ಬು ತಾನೇ ಪಟಪಟ ಮಿನುಗುತ್ತಿದ್ದರೆ ಅದು ಜೋಡಣೆಗೆ ಕಾಯುತ್ತಿದೆ ಎಂದರ್ಥ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಸಂಜೆ ಇದು ಮಾಮೂಲು. ಬಹಳಷ್ಟು ಬಲ್ಬುಗಳಲ್ಲಿ ಬೇಗ ಬೇಗ ಮೂರೋ ಐದೋ ಸಲ ಆನ್-ಆಫ್ ಮಾಡುವುದೇ ರೀಸೆಟ್ ಮಾಡುವ ರೀತಿ. ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡಿದರೆ ಬಲ್ಬು ಅದನ್ನೇ ರೀಸೆಟ್ ಅಂದುಕೊಳ್ಳುತ್ತದೆ. ತಕ್ಷಣ ಹೊಸದಾಗಿ ಜೋಡಿಸಲು ಹೋಗಬೇಡಿ. ಸ್ವಿಚ್ ಆರಿಸಿ ಒಂದು ನಿಮಿಷ ಬಿಟ್ಟು ಒಂದೇ ಸಲ ಹಾಕಿ, ಐದು ನಿಮಿಷ ಕಾಯಿರಿ. ಕೆಲವು ಬಲ್ಬುಗಳು ಹಳೆಯ ವೈಫೈಗೆ ತಾವೇ ಮರಳುತ್ತವೆ. ಮರಳದಿದ್ದರೆ ಮತ್ತೆ ಜೋಡಿಸಬೇಕು, ಅದೂ ಮಾಲೀಕ ಖಾತೆಯಿಂದಲೇ. ಹತ್ತಿರ ಇದ್ದವರು ತಮ್ಮ ಫೋನಿನಲ್ಲಿ ಜೋಡಿಸಿಬಿಟ್ಟರೆ ಒಂದು ಬಲ್ಬು ಒಬ್ಬರ ಖಾತೆಯಲ್ಲಿ, ಮೂರು ಬಲ್ಬು ಇನ್ನೊಬ್ಬರ ಖಾತೆಯಲ್ಲಿ ಸೇರಿ, ಮುಂದಿನ ಗೊಂದಲಗಳೆಲ್ಲ ಅಲ್ಲಿಂದಲೇ ಶುರುವಾಗುತ್ತವೆ.

ಮನೆಯ ಸಾಧನಗಳೆಲ್ಲ ಒಟ್ಟಿಗೆ ಆಫ್‌ಲೈನ್ ಆಗಿದ್ದರೆ ರೂಟರ್ ನೋಡಿ. ಇತ್ತೀಚೆಗೆ ಬ್ರಾಡ್‌ಬ್ಯಾಂಡ್ ಬದಲಿಸಿದ್ದೀರಾ? ಹೊಸ ರೂಟರಿಗೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರಕ್ಕೆ ಅಕ್ಷರ ಕೊಡಿ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ. ಹೆಚ್ಚಿನ ಸಾಧನಗಳಿಗೆ ರೂಟರ್ ಬದಲಾದದ್ದು ಗೊತ್ತೂ ಆಗುವುದಿಲ್ಲ. ಇನ್ನೊಂದು ವಿಷಯ: ಬಲ್ಬು, ಪ್ಲಗ್ಗುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಹೊಸ ರೂಟರುಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟಿರುತ್ತವೆ. ಜೋಡಣೆ ಅಲ್ಲಿ ಎಡವಿದರೆ, ಜೋಡಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಆರಿಸಿಡಿ. ರೂಟರಿನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಅಂತಿದ್ದರೆ ಹಳೆಯ ಸಾಧನಗಳು ಒಳಗೆ ಬರುವುದೇ ಇಲ್ಲ. ಡಬ್ಲ್ಯುಪಿಎ2 ಕೂಡ ಒಪ್ಪುವಂತೆ ಇಡಿ.

ಒಬ್ಬರ ಫೋನಿನಲ್ಲಿ ಮಾತ್ರ ಕಾಣಿಸುತ್ತಿಲ್ಲ

ಆಹ್ವಾನ ಕಳಿಸಿಯಾಗಿದೆ, ಅವರು ಒಪ್ಪಿಕೊಂಡಿದ್ದಾರೆಯೇ? ಕಳಿಸಿದವರ ಆ್ಯಪ್‌ನಲ್ಲಿ ಸದಸ್ಯರ ಪಟ್ಟಿ ತೆರೆಯಿರಿ. ಹೆಸರಿನ ಪಕ್ಕ ಇನ್ನೂ 'ಪೆಂಡಿಂಗ್' ಅಂತಿದ್ದರೆ ಕಥೆ ಅಲ್ಲಿಗೇ ನಿಂತಿದೆ. ಗೂಗಲ್ ಹೋಮ್ ಆಹ್ವಾನ ಹೋಗುವುದು ಜೀಮೇಲ್ ವಿಳಾಸಕ್ಕೆ. ಅಮ್ಮನ ಫೋನಿನಲ್ಲಿ ಎರಡು ಜೀಮೇಲ್ ಇದ್ದು, ಆಹ್ವಾನ ಒಂದಕ್ಕೆ ಬಂದು, ಗೂಗಲ್ ಹೋಮ್ ಆ್ಯಪ್ ಇನ್ನೊಂದರಲ್ಲಿ ತೆರೆದುಕೊಂಡಿರುವುದು ತೀರಾ ಸಾಮಾನ್ಯ. ಆ್ಯಪ್‌ನ ಮೇಲ್ತುದಿಯ ದುಂಡನೆಯ ಚಿತ್ರ ಒತ್ತಿ ಯಾವ ವಿಳಾಸ ಎಂದು ಓದಿ ನೋಡಿ.

ಖಾತೆ ಸರಿಯಿದ್ದರೆ 'ಮನೆ' ನೋಡಿ. ಗೂಗಲ್ ಹೋಮ್, ಹಲವು ಕಂಪನಿಗಳ ಸಾಧನ ನಡೆಸುವ ಸ್ಮಾರ್ಟ್ ಲೈಫ್, ಶಿಯೋಮಿಯ ಎಂಐ ಹೋಮ್, ಈ ಆ್ಯಪ್‌ಗಳೆಲ್ಲದರಲ್ಲೂ ಒಂದೇ ಖಾತೆಗೆ ಹಲವು ಮನೆ ಇರಬಹುದು. ಆ್ಯಪ್ ಹಾಕಿಕೊಂಡ ದಿನವೇ ತಾನಾಗಿ ಹುಟ್ಟಿದ ಖಾಲಿ 'ಮೈ ಹೋಮ್' ಒಂದು, ಹಂಚಿಕೊಂಡ ಮನೆ ಇನ್ನೊಂದು. ಆ್ಯಪ್ ಖಾಲಿ ಮನೆಯನ್ನೇ ತೋರಿಸುತ್ತಿದ್ದರೆ ಸಾಧನ ಎಲ್ಲಿಂದ ಕಾಣಬೇಕು? ಮೇಲೆ ಎಡಗಡೆ ಮನೆಯ ಹೆಸರು ಒತ್ತಿ ಬದಲಿಸಿ. ಈ ಗೊಂದಲ ತಪ್ಪಿಸಲು ಮನೆಗೆ 'ಜಯನಗರ ಮನೆ' ಅಂತ ಗುರುತು ಸಿಗುವ ಹೆಸರಿಡಿ, ಖಾಲಿ ಮನೆಯನ್ನು ಅಳಿಸಿ.

ಇವೆರಡೂ ಸರಿಯಿದ್ದೂ ಸಾಧನ ಸಿಗದಿದ್ದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಸ್ಥಿತಿ: ಖಾತೆ ಅನುಮತಿ ಕೊಟ್ಟಿದೆ, ಫೋನು ಕೊಟ್ಟಿಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಲೋಕಲ್ ನೆಟ್‌ವರ್ಕ್ ಪಟ್ಟಿಯಲ್ಲಿ ಆ ಆ್ಯಪ್ ಹಸಿರಾಗಿದೆಯೇ ನೋಡಿ. ಮೊದಲ ಸಲ ಕೇಳಿದಾಗ 'ಬೇಡ' ಒತ್ತಿದ್ದರೆ ಆ್ಯಪ್ ಮತ್ತೆ ಕೇಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ನ ಪರ್ಮಿಷನ್ ಪುಟಕ್ಕೆ ಹೋಗಿ 'ನಿಯರ್‌ಬೈ ಡಿವೈಸಸ್', ಲೊಕೇಶನ್ ಎರಡೂ ಇವೆಯೇ ನೋಡಿ. ಫೋನಿನಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ವ್ಯವಸ್ಥೆ) ಓಡುತ್ತಿದ್ದರೆ ಒಮ್ಮೆ ಆರಿಸಿ. ಆಫೀಸಿನವರು ಕೊಟ್ಟ ಫೋನಾದರೆ ವಿಪಿಎನ್ ಆರಿಸಲು ಬಿಡದಿರಬಹುದು. ಅಂಥ ಫೋನಿನಲ್ಲಿ ಮನೆಯ ಕ್ಯಾಮೆರಾ ಹಾಕಿಕೊಳ್ಳದಿರುವುದೇ ವಾಸಿ.

ಮನೆಯಲ್ಲಿದ್ದಾಗ ಚೆನ್ನಾಗಿದ್ದು, ಹೊರಗೆ ಕಾಲಿಟ್ಟ ಕೂಡಲೇ ಕೈಕೊಟ್ಟರೆ, ಅದೂ ಆ್ಯಪಲ್ ಹೋಮ್‌ನಲ್ಲಿ, ಕಾರಣ ಬಹುತೇಕ ಒಂದೇ. ಹೊರಗಿನಿಂದ ನಿಯಂತ್ರಿಸಲು ಮನೆಯಲ್ಲಿ ಆ್ಯಪಲ್ ಟಿವಿ ಅಥವಾ ಹೋಮ್‌ಪಾಡ್ ಹಬ್ (ಮನೆಯ ಸಾಧನಗಳನ್ನು ಹೊರಗಿನ ಸಂಪರ್ಕಕ್ಕೆ ಜೋಡಿಸುವ ಕೇಂದ್ರ) ಆಗಿ ಇರಬೇಕು. ಹಬ್ ಇದ್ದರೂ ಆ ಸದಸ್ಯರ ಹೆಸರಿನಡಿ ದೂರದಿಂದ ನಿಯಂತ್ರಿಸುವ ಅನುಮತಿ ಬೇರೆಯೇ ಇದೆ, ಅದನ್ನೂ ನೋಡಿ.

ಆಹ್ವಾನ ಹೋಗುವುದೇ ಇಲ್ಲ, 'ಖಾತೆ ಇಲ್ಲ' ಅನ್ನುತ್ತದೆ

ಬೆಂಗಳೂರಿನ ಮನೆಗಳಲ್ಲಿ ಈ ತೊಂದರೆ ಹೆಚ್ಚು, ಏಕೆಂದರೆ ಮಗನೋ ಮಗಳೋ ಹೊರದೇಶದಲ್ಲಿರುತ್ತಾರೆ. ರಜೆಗೆ ಬಂದ ಮಗ ತನ್ನ ಅಮೆರಿಕದ ನಂಬರಿನಲ್ಲಿ ಮಾಡಿದ ಸ್ಮಾರ್ಟ್ ಲೈಫ್ ಖಾತೆಯಲ್ಲೇ ಅಪ್ಪ-ಅಮ್ಮನ ಮನೆಯ ಪ್ಲಗ್ಗು, ಕ್ಯಾಮೆರಾ ಎಲ್ಲ ಜೋಡಿಸಿ ವಿಮಾನ ಹತ್ತುತ್ತಾನೆ. ಅಪ್ಪ ತಮ್ಮ +91 ನಂಬರಿನಲ್ಲಿ ಖಾತೆ ಮಾಡುತ್ತಾರೆ. ಮಗ ಆಹ್ವಾನ ಕಳಿಸಿದರೆ ಅಂಥ ಖಾತೆಯೇ ಇಲ್ಲ ಅನ್ನುತ್ತದೆ. ನಂಬರ್ ತಪ್ಪಿರಬೇಕೆಂದು ಹತ್ತು ಸಲ ಟೈಪ್ ಮಾಡುತ್ತಾರೆ.

ನಂಬರ್ ಸರಿಯಾಗಿಯೇ ಇದೆ. ಈ ಆ್ಯಪ್‌ಗಳು ಖಾತೆ ತೆರೆಯುವಾಗ ಆರಿಸಿದ ದೇಶದ ಪ್ರಕಾರ ಮಾಹಿತಿಯನ್ನು ಬೇರೆ ಬೇರೆ ಸರ್ವರ್ ಕೇಂದ್ರಗಳಲ್ಲಿ ಇಡುತ್ತವೆ. ಒಂದು ಕೇಂದ್ರದ ಖಾತೆಗೆ ಇನ್ನೊಂದು ಕೇಂದ್ರದ ಖಾತೆ ಕಾಣಿಸುವುದಿಲ್ಲ. ಪರಿಶೀಲಿಸುವ ರೀತಿ ಸುಲಭ: ಎರಡೂ ಫೋನಿನಲ್ಲಿ ಪ್ರೊಫೈಲ್ ತೆರೆದು 'ಅಕೌಂಟ್ ಆ್ಯಂಡ್ ಸೆಕ್ಯುರಿಟಿ' ಒಳಗೆ ದೇಶ ಅಥವಾ ರೀಜನ್ ಏನಿದೆ ಓದಿ. ಬೇರೆ ಬೇರೆ ಇದ್ದರೆ ಕಾರಣ ಸಿಕ್ಕಿತು.

ತಯಾರಾದ ಖಾತೆಯ ದೇಶ ಆಮೇಲೆ ಬದಲಾಗುವುದಿಲ್ಲ, ಆದ್ದರಿಂದ ಹೊಸ ಖಾತೆಯೇ ದಾರಿ. ಯಾರದು ಹೊಸದಾಗಬೇಕು? ಸಾಧನಗಳು ಬೆಂಗಳೂರಿನಲ್ಲಿವೆ, ಕೆಟ್ಟರೆ ಮುಟ್ಟುವವರು ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಒಡೆತನ ಇಲ್ಲಿನ ಖಾತೆಗೇ ಸೇರಲಿ. ಮಗ ಈಮೇಲ್ ಬಳಸಿ, ದೇಶ 'ಇಂಡಿಯಾ' ಎಂದು ಆರಿಸಿ ಎರಡನೆಯ ಖಾತೆ ಮಾಡಿಕೊಂಡು ಸದಸ್ಯನಾಗಲಿ. ಸಾಧನಗಳನ್ನು ಮಗನ ಹಳೆಯ ಖಾತೆಯಿಂದ ತೆಗೆದು ಅಪ್ಪನ ಖಾತೆಗೆ ಒಂದೊಂದಾಗಿ ಜೋಡಿಸಬೇಕು. ಆರೇಳು ಸಾಧನವಿದ್ದರೆ ಒಂದು ಭಾನುವಾರದ ಬೆಳಗ್ಗೆ ಬೇಕಾಗುತ್ತದೆ. ತೆಗೆಯುವ ಮುನ್ನ ಟೈಮರುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎಂಐ ಹೋಮ್‌ನಲ್ಲಿ ಕೂಡ ರೀಜನ್ ಒಂದೇ ಇರಬೇಕು. ಅಲ್ಲಿ ಆ್ಯಪ್‌ನೊಳಗೆ ರೀಜನ್ ಬದಲಿಸಬಹುದು, ಆದರೆ ಬದಲಿಸಿದ ಕೂಡಲೇ ಹಳೆಯ ರೀಜನ್‌ನ ಸಾಧನಗಳು ಪರದೆಯಿಂದ ಮಾಯವಾಗುತ್ತವೆ. ಹೆದರಬೇಡಿ, ಮತ್ತೆ ಹಳೆಯದಕ್ಕೆ ಹೋದರೆ ಅಲ್ಲೇ ಇರುತ್ತವೆ.

ಆ್ಯಪ್ ಬೇರೆ ಬೇರೆಯಾದರೂ ಇದೇ ಗತಿ. ಪ್ಲಗ್ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಒಬ್ಬರು, ಸ್ಮಾರ್ಟ್ ಲೈಫ್‌ನಲ್ಲಿ ಇನ್ನೊಬ್ಬರು ಇದ್ದರೆ ಹಂಚಿಕೆ ಆಗುವುದಿಲ್ಲ. ಇನ್ನು ಒಬ್ಬರದು ಐಫೋನು, ಒಬ್ಬರದು ಆಂಡ್ರಾಯ್ಡ್ ಆಗಿದ್ದರೆ ಆ್ಯಪಲ್ ಹೋಮ್ ಆಹ್ವಾನಕ್ಕೆ ಅರ್ಥವೇ ಇಲ್ಲ, ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್ ಇಲ್ಲ.

ಇಂಥ ಮನೆಗೆ ಮ್ಯಾಟರ್ (ಬೇರೆ ಬೇರೆ ಕಂಪನಿಗಳ ಆ್ಯಪ್‌ಗಳಿಗೂ ಹೊಂದುವ ಸಾಮಾನ್ಯ ಮಾನದಂಡ) ಗುರುತಿರುವ ಸಾಧನ ಒಳ್ಳೆಯ ಪರಿಹಾರ. ಒಂದೇ ಬಲ್ಬನ್ನು ಆ್ಯಪಲ್ ಹೋಮ್‌ಗೂ ಗೂಗಲ್ ಹೋಮ್‌ಗೂ ಸೇರಿಸಬಹುದು, ಕನಿಷ್ಠ ಐದು ವ್ಯವಸ್ಥೆಗಳಿಗೆ ಜಾಗ ಇರಲೇಬೇಕೆಂಬುದು ಅದರ ನಿಯಮ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಡಬ್ಬದ ಮೇಲಿರುವ 11 ಅಂಕಿಯ ಕೋಡ್ ಕೆಲಸ ಮಾಡುವುದು ಮೊದಲ ಜೋಡಣೆಗೆ. ಎರಡನೆಯವರು ಅದೇ ಕೋಡ್ ಹಾಕಿದರೆ ಸಾಧನ ಸಿಗಲಿಲ್ಲ ಅನ್ನುತ್ತದೆ. ಮೊದಲ ಆ್ಯಪ್‌ನಲ್ಲಿ ಆ ಸಾಧನದ ಸೆಟ್ಟಿಂಗ್ ತೆರೆದು ಜೋಡಣೆಯ ಹೊಸ ಕೋಡ್ ಕೇಳಬೇಕು. ಅದರ ಆಯಸ್ಸು ಹೆಚ್ಚೆಂದರೆ 15 ನಿಮಿಷ. ಕೋಡ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಅವರು ಸಂಜೆ ಮನೆಗೆ ಬಂದು ನೋಡುವಷ್ಟರಲ್ಲಿ ಸತ್ತಿರುತ್ತದೆ.

ಆನ್-ಆಫ್ ಆಗುತ್ತದೆ, ಬೇರೇನೂ ಮಾಡಲು ಬಿಡುವುದಿಲ್ಲ

ಇದು ದೋಷವಲ್ಲ, ಪದವಿ. ಸ್ಮಾರ್ಟ್ ಲೈಫ್‌ನಲ್ಲಿ ಮಾಲೀಕ, ಅಡ್ಮಿನಿಸ್ಟ್ರೇಟರ್, ಸಾಮಾನ್ಯ ಸದಸ್ಯ ಎಂಬ ಮೆಟ್ಟಿಲುಗಳಿವೆ. ಸಾಮಾನ್ಯ ಸದಸ್ಯರಿಗೆ ಸಾಧನ ಬಳಸಲು ಬರುತ್ತದೆ, ಸೇರಿಸಲು ತೆಗೆಯಲು ಬರುವುದಿಲ್ಲ. ಮನೆಗೆ ಸೇರಿಸದೆ ಬರೀ ಒಂದು ಸಾಧನವನ್ನು 'ಶೇರ್ ಡಿವೈಸ್' ಮೂಲಕ ಕೊಟ್ಟಿದ್ದರೆ ಅಧಿಕಾರ ಇನ್ನೂ ಕಡಿಮೆ. ಗೂಗಲ್ ಹೋಮ್‌ನಲ್ಲಿ ಅಡ್ಮಿನ್, ಮೆಂಬರ್ ಎಂದು ಎರಡು. ಕ್ಯಾಮೆರಾಗಳಲ್ಲಿ ಹಂಚಿಕೊಂಡವರಿಗೆ ಲೈವ್ ಕಾಣಿಸಿ, ಮೆಮೊರಿ ಕಾರ್ಡಿನ ಹಳೆಯ ದೃಶ್ಯ ಕಾಣಿಸದಿರುವುದೂ ಇದೇ ಕಾರಣಕ್ಕೆ. ಹಂಚುವಾಗ ಅದಕ್ಕೆ ಬೇರೆ ಟಿಕ್ ಇರುತ್ತದೆ.

ಬೇಕಾದವರ ಪದವಿ ಏರಿಸಿ. ಮನೆಯಲ್ಲಿ ವಾಸ ಮಾಡುವ ದೊಡ್ಡವರಲ್ಲಿ ಕನಿಷ್ಠ ಇಬ್ಬರು ಅಡ್ಮಿನ್ ಇರಲೇಬೇಕು. ಒಬ್ಬರೇ ಇದ್ದು ಅವರು ಊರಿಗೆ ಹೋದರೆ ಉಳಿದವರು ಬಲ್ಬನ್ನು ಮತ್ತೆ ಜೋಡಿಸಲೂ ಆಗದೆ ಕೂರಬೇಕು. ಅಡುಗೆಯವರಿಗೆ, ಪೇಯಿಂಗ್ ಗೆಸ್ಟಿಗೆ, ನಾಲ್ಕು ದಿನಕ್ಕೆ ಬಂದ ನೆಂಟರಿಗೆ ಸದಸ್ಯತ್ವ ಬೇಡ, ಬೇಕಾದ ಒಂದು ಸಾಧನ ಮಾತ್ರ ಸಾಕು. ಪಾಸ್‌ವರ್ಡನ್ನೇ ಕೊಡುವ ಅಭ್ಯಾಸ ಮಾತ್ರ ಬೇಡವೇ ಬೇಡ. ಅಮೆಜಾನ್ ಖಾತೆಯ ಪಾಸ್‌ವರ್ಡ್ ಕೊಟ್ಟರೆ ಅಲೆಕ್ಸಾ ಜೊತೆಗೆ ನಿಮ್ಮ ಆರ್ಡರು, ವಿಳಾಸ ಎಲ್ಲ ಕೊಟ್ಟಂತೆ. ಅಂಥ ಖಾತೆಯನ್ನು ಮನೆಯವರೆಲ್ಲ ಬಳಸುತ್ತಿದ್ದರೆ ಅಲೆಕ್ಸಾ ಆ್ಯಪ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ 'ವಾಯ್ಸ್ ಪರ್ಚೇಸಿಂಗ್' ಆರಿಸಿಡಿ.

ಸ್ಪೀಕರು ಒಬ್ಬರ ಮಾತು ಕೇಳುತ್ತದೆ, ಇನ್ನೊಬ್ಬರದು ಕೇಳುವುದಿಲ್ಲ

ಮೊದಲು ಹೆಸರು ನೋಡಿ. ಮೂರು ಕೋಣೆಯಲ್ಲೂ 'ಫ್ಯಾನ್' ಅಂತಲೇ ಇದ್ದರೆ ಸ್ಪೀಕರು ಯಾವುದು ಎಂದು ಕೇಳುತ್ತದೆ ಅಥವಾ ತಪ್ಪು ಫ್ಯಾನ್ ಹಾಕುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸ್ಪೀಕರಿಗೆ 'ದೇವರಮನೆ ದೀಪ' ಅಂದರೆ ಏನೇನೋ ಕೇಳಿಸಿಕೊಳ್ಳುತ್ತದೆ. 'ಪೂಜಾ ಲೈಟ್' ಥರದ, ಬೇರೆ ಯಾವುದರ ಜೊತೆಗೂ ಪ್ರಾಸವಾಗದ ಎರಡು ಮಾತಿನ ಹೆಸರು ಸಾಕು. ಅಜ್ಜಿಗೆ ಅದೂ ಕಷ್ಟವಾದರೆ ಸ್ಪೀಕರಿನ ಜೊತೆ ಗುದ್ದಾಡಿಸುವುದಕ್ಕಿಂತ, ಮಂಚದ ಪಕ್ಕ ಅಂಟಿಸುವ ವೈರ್‌ಲೆಸ್ ಬಟನ್ ಒಂದು ತಂದುಕೊಡಿ.

ಲೈಟು ಎಲ್ಲರಿಗೂ ಹತ್ತಿ, ಕ್ಯಾಲೆಂಡರ್, ಕರೆಗಳು ಒಬ್ಬರಿಗೆ ಮಾತ್ರ ಆಗುತ್ತಿದ್ದರೆ ಧ್ವನಿ ಪರಿಚಯ ಆಗಿಲ್ಲ. ಗೂಗಲ್ ಸ್ಪೀಕರಿನಲ್ಲಿ ಆರು ಜನರ ಧ್ವನಿ ನೋಂದಾಯಿಸಬಹುದು, ಪ್ರತಿಯೊಬ್ಬರೂ ತಮ್ಮ ಫೋನಿನಿಂದಲೇ ವಾಯ್ಸ್ ಮ್ಯಾಚ್ ಮಾಡಬೇಕು.

ಎಲ್ಲರಿಗೂ ಒಟ್ಟಿಗೆ ನಿಂತುಹೋದರೆ, ಈಚೆಗೆ ಯಾರಾದರೂ ಸ್ಮಾರ್ಟ್ ಲೈಫ್ ಪಾಸ್‌ವರ್ಡ್ ಬದಲಿಸಿದರಾ ಕೇಳಿ. ಸ್ಪೀಕರಿಗೂ ಆ್ಯಪ್‌ಗೂ ನಡುವಿನ ಕೊಂಡಿ ಕಳಚಿರುತ್ತದೆ. ಕೊಂಡಿಯನ್ನು ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ. ಕೊಂಡಿ ಹಾಕಿದವರನ್ನೇ ಗೂಗಲ್ ಹೋಮ್‌ನಿಂದ ತೆಗೆದಿದ್ದರೆ ಅವರ ಹಿಂದೆಯೇ ಅವರು ತಂದ ಸಾಧನಗಳೂ ಹೋಗುತ್ತವೆ. ಉಳಿದವರೊಬ್ಬರು ತಮ್ಮ ಖಾತೆಯಿಂದ ಹೊಸದಾಗಿ ಕೊಂಡಿ ಹಾಕಬೇಕು.

ಯಾರೂ ಮುಟ್ಟದೆ ಆನ್ ಆಗುತ್ತದೆ, ಆಫ್ ಆಗುತ್ತದೆ

ಎತ್ತು ಏರಿಗೆ, ಕೋಣ ನೀರಿಗೆ. ಒಬ್ಬರು ಸ್ಮಾರ್ಟ್ ಲೈಫ್‌ನಲ್ಲಿ ಟೈಮರ್ ಇಟ್ಟಿರುತ್ತಾರೆ, ಇನ್ನೊಬ್ಬರು ಅಲೆಕ್ಸಾದಲ್ಲಿ ರೂಟೀನ್, ಮತ್ತೊಬ್ಬರು 'ಎಲ್ಲರೂ ಹೊರಗೆ ಹೋದಾಗ ಆರಿಸು' ಅಂತ ಗೂಗಲ್‌ಗೆ ಹೇಳಿರುತ್ತಾರೆ. ಆ ಕಡೆಯದರಲ್ಲಿ 'ಎಲ್ಲರೂ' ಅಂದರೆ ಆ್ಯಪ್ ಇರುವವರು ಮಾತ್ರ. ಫೋನಿಲ್ಲದ ಅಜ್ಜ ಮನೆಯಲ್ಲೇ ಕೂತಿದ್ದರೂ ಲೈಟು ಆರುತ್ತದೆ.

ಹುಡುಕುವ ಕ್ರಮ: ಸಾಧನದ ಪುಟದಲ್ಲಿ ಲಾಗ್ (ಯಾವಾಗ ಏನಾಯಿತೆಂಬ ದಾಖಲೆ) ಇದ್ದರೆ ಆನ್ ಆದ ನಿಮಿಷ ಬರೆದುಕೊಳ್ಳಿ. ದಿನಾ ಅದೇ ನಿಮಿಷವಾದರೆ ಟೈಮರು. ಕೆಲವು ದಿನಕ್ಕೊಮ್ಮೆ ಒಂದು ನಿಮಿಷ ಜರುಗುತ್ತಿದ್ದರೆ ಸೂರ್ಯೋದಯ, ಸೂರ್ಯಾಸ್ತಕ್ಕೆ ಕಟ್ಟಿದ್ದು. ಹೊತ್ತುಗೊತ್ತಿಲ್ಲದಿದ್ದರೆ ಲೊಕೇಶನ್ ಅಥವಾ ಯಾರದೋ ಬೆರಳು. ಆಮೇಲೆ ಸಾಧನದೊಳಗಿನ ಟೈಮರ್, ಆ್ಯಪ್‌ನ ಆಟೊಮೇಷನ್, ಸ್ಪೀಕರಿನ ರೂಟೀನ್ ಈ ಮೂರು ಜಾಗವನ್ನೂ ಪ್ರತಿಯೊಬ್ಬರ ಫೋನಿನಲ್ಲಿ ನೋಡಿ. ಇರುವುದನ್ನು ಒಂದೇ ಜಾಗಕ್ಕೆ ತಂದು ಉಳಿದದ್ದನ್ನು ಅಳಿಸಿ.

ಬೆಳಗ್ಗೆ ಆರಕ್ಕೆ ಇಟ್ಟ ಮೋಟರು ಸಂಜೆ ಆರೂವರೆಗೆ ಓಡುತ್ತಿದ್ದರೆ ಗಡಿಯಾರ ಬೇರೆ ದೇಶದ್ದು. ಕ್ಯಾಲಿಫೋರ್ನಿಯಾದ ಬೇಸಿಗೆಯ ಬೆಳಗಿನ 6 ನಮ್ಮಲ್ಲಿ ಸಂಜೆ 6:30, ಅವರ ಚಳಿಗಾಲದಲ್ಲಿ 7:30. ಆ್ಯಪ್‌ನಲ್ಲಿ ಮನೆಯ ಲೊಕೇಶನ್ ಬೆಂಗಳೂರು, ಟೈಮ್‌ಜೋನ್ ಭಾರತದ್ದು ಎಂದು ಸರಿಪಡಿಸಿ ಟೈಮರನ್ನು ಅಳಿಸಿ ಹೊಸದಾಗಿ ಇಡಿ.

ಆ್ಯಪ್‌ನಲ್ಲಿ ಆಫ್ ಅಂತಿದ್ದು ಮೋಟರು ಮಾತ್ರ ಓಡುತ್ತಲೇ ಇದ್ದರೆ ಖಾತೆ ಹುಡುಕುವುದನ್ನು ಅಲ್ಲಿಗೇ ಬಿಡಿ. ಮೊದಲು ಎಂಸಿಬಿ (ಮೀಟರ್ ಪೆಟ್ಟಿಗೆಯ ಸುರಕ್ಷಾ ಸ್ವಿಚ್ಚು) ಇಳಿಸಿ. ಮೋಟರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಸಣ್ಣ ಸ್ಮಾರ್ಟ್ ಸ್ವಿಚ್ಚಿನ ರಿಲೇ (ಕರೆಂಟು ಹಾಕಿ ತೆಗೆಯುವ ಒಳಭಾಗ) ಆ ಹೊಡೆತಕ್ಕೆ ಒಳಗೇ ಬೆಸೆದುಕೊಂಡಿರುತ್ತದೆ. ಸ್ಮಾರ್ಟ್ ಸ್ವಿಚ್ಚು ಕಾಂಟ್ಯಾಕ್ಟರನ್ನು (ಹೆಚ್ಚು ಕರೆಂಟು ತಾಳುವ ದೊಡ್ಡ ಸ್ವಿಚ್ಚನ್ನು) ನಡೆಸಬೇಕು, ಕಾಂಟ್ಯಾಕ್ಟರು ಮೋಟರನ್ನು ನಡೆಸಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಸಂಪ್ ಖಾಲಿಯಿದ್ದಾಗ ದೂರದಿಂದ ಯಾರೋ ಆನ್ ಮಾಡಿದರೆ ಪಂಪಿನ ಸೀಲ್ ಸುಟ್ಟುಹೋಗುತ್ತದೆ. ಸಂಪಿನ ನೀರು ಇಳಿದರೆ ಮೋಟರು ನಿಲ್ಲಿಸುವ ಫ್ಲೋಟ್ ಸ್ವಿಚ್ ಇಲ್ಲದೆ ಮೋಟರನ್ನು ಹೊರಗಿರುವವರ ಜೊತೆ ಹಂಚಿಕೊಳ್ಳಬೇಡಿ.

ಗೀಸರ್ ವಿಷಯವೂ ಹೀಗೇ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್, 3 ಕಿಲೋವ್ಯಾಟಿನದು ಸುಮಾರು 13 ಆಂಪಿಯರ್ ಎಳೆಯುತ್ತದೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ 10 ಆಂಪಿಯರ್ ಪ್ಲಗ್ಗು ಇದಕ್ಕೆ ಸಲ್ಲದು, 16 ಆಂಪಿಯರಿನದೇ ಬೇಕು. ಪ್ಲಗ್ಗು ಕೈ ಸುಡುವಷ್ಟು ಬಿಸಿಯಾದರೆ, ಕಂದು ಕಲೆ ಕಂಡರೆ, ಸುಟ್ಟ ವಾಸನೆ ಬಂದರೆ ಎಂಸಿಬಿ ಇಳಿಸಿ, ಆಮೇಲೆ ಕಿತ್ತು ಹೊಸದು ಹಾಕಿಸಿ. ಹಂಚಿಕೊಂಡ ಗೀಸರಿಗೆ ಆ್ಯಪ್‌ನಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇಡಿ. ನಾಲ್ಕು ಜನ ಆನ್ ಮಾಡಬಲ್ಲ ಮನೆಯಲ್ಲಿ ಆಫ್ ಮಾಡುವುದು ಯಾರ ಜವಾಬ್ದಾರಿಯೂ ಆಗಿರುವುದಿಲ್ಲ.

'ಈ ಸಾಧನ ಬೇರೆ ಖಾತೆಯಲ್ಲಿದೆ' ಅನ್ನುತ್ತದೆ

ಬಾಡಿಗೆ ಮನೆಗೆ ಹೊಸದಾಗಿ ಬಂದಾಗ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಾಗ ಬರುವ ಮಾತಿದು. ರೀಸೆಟ್ ಗುಂಡಿ ಹತ್ತು ಸೆಕೆಂಡ್ ಒತ್ತಿದರೂ ಹೋಗದಿದ್ದರೆ ಬೀಗ ಸರ್ವರಿನಲ್ಲಿದೆ, ಸಾಧನದಲ್ಲಿ ಅಲ್ಲ. ಹಿಂದಿನವರು ತಮ್ಮ ಆ್ಯಪ್‌ನಿಂದ ಅಳಿಸಬೇಕು. ಸ್ಮಾರ್ಟ್ ಲೈಫ್‌ನಲ್ಲಾದರೆ 'ಡಿಸ್‌ಕನೆಕ್ಟ್ ಆ್ಯಂಡ್ ವೈಪ್ ಡೇಟಾ' ಆರಿಸಲು ಹೇಳಿ. ಅವರು ಸಿಗದಿದ್ದರೆ ಸಾಧನದ ಸೀರಿಯಲ್ ನಂಬರಿನ ಫೋಟೊ, ಕೊಂಡ ಬಿಲ್ಲು ಇಟ್ಟುಕೊಂಡು ತಯಾರಕರ ಸಹಾಯವಾಣಿಗೆ ಬರೆಯಿರಿ. ಬೀಗ ಬಿಚ್ಚುವವರೆಗೆ ಆ ಕ್ಯಾಮೆರಾಕ್ಕೆ ಕರೆಂಟು ಕೊಡಬೇಡಿ. ಮನೆ ಮಾಲೀಕರು ಹಾಕಿಸಿಕೊಟ್ಟ ಸಾಧನವಾದರೆ ಒಡೆತನ ಯಾರದು ಎಂಬುದು ಕೀ ಕೊಡುವ ದಿನವೇ ಮಾತಾಗಿ ಮುಗಿಯಲಿ.

ಒಟಿಪಿ ಹೋಗುವ ನಂಬರೇ ಇಲ್ಲ

ಖಾತೆ ಹಳೆಯ ಪ್ರಿಪೇಯ್ಡ್ ನಂಬರಿನಲ್ಲಿದೆ, ರೀಚಾರ್ಜ್ ಮಾಡಿಲ್ಲ. ಕಡಿತಗೊಂಡ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2023ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ. ಅಂದರೆ ಆಮೇಲೆ ನಿಮ್ಮ ಮನೆಯ ಕ್ಯಾಮೆರಾದ ಒಟಿಪಿ ಗುರುತು ಪರಿಚಯವಿಲ್ಲದವರ ಫೋನಿಗೆ ಹೋಗಬಹುದು. ಯಾರಾದರೊಬ್ಬರ ಫೋನಿನಲ್ಲಿ ಆ ಖಾತೆ ಇನ್ನೂ ತೆರೆದಿದ್ದರೆ ಲಾಗ್‌ಔಟ್ ಆಗುವ ಮುನ್ನವೇ ಈಮೇಲ್ ಸೇರಿಸಿ, ನಂಬರ್ ಬದಲಿಸಿ, ಇನ್ನೊಬ್ಬರನ್ನು ಅಡ್ಮಿನ್ ಮಾಡಿ. ಎಲ್ಲ ಕಡೆ ಲಾಗ್‌ಔಟ್ ಆಗಿದ್ದು, ಸಿಮ್ ಇನ್ನೂ ನಿಮ್ಮ ಹೆಸರಿನಲ್ಲೇ ಉಳಿದಿದ್ದರೆ ಆಧಾರ್ ಹಿಡಿದು ಆಪರೇಟರ್ ಮಳಿಗೆಗೆ ಹೋಗುವುದೇ ಚಿಕ್ಕ ದಾರಿ. ಮನೆಯವರು ತೀರಿಕೊಂಡಾಗಲೂ ಅವರ ನಂಬರನ್ನು ಅವಸರದಲ್ಲಿ ಮುಚ್ಚಿಸಬೇಡಿ, ಮೊದಲು ಅದರ ಮೇಲೆ ಯಾವ ಯಾವ ಖಾತೆ ನಿಂತಿದೆ ನೋಡಿ.

ಬಾಗಿಲ ಲಾಕ್ ಒಬ್ಬರಿಗೆ ತೆರೆಯುತ್ತದೆ, ಇನ್ನೊಬ್ಬರಿಗೆ ಇಲ್ಲ

ಬೆರಳಚ್ಚು ಕೈಕೊಟ್ಟರೆ ಒದ್ದೆ ಕೈಯೇ, ಸವೆದ ಬೆರಳೇ ನೋಡಿ. ಪಾತ್ರೆ ತೊಳೆಯುವವರ, ಹಿರಿಯರ ಬೆರಳು ಓದಲು ಲಾಕಿಗೆ ಕಷ್ಟ. ಅವರಿಗೆ ಎರಡು ಬೆರಳು ನೋಂದಾಯಿಸಿ, ಜೊತೆಗೆ ಪಿನ್ ಕೊಡಿ. ಪಿನ್ ಇದ್ದಕ್ಕಿದ್ದಂತೆ ನಿಂತರೆ ಅದರ ಅವಧಿ ಮುಗಿದಿರಬಹುದು. ಕೆಲಸದವರಿಗೆ ಬೆಳಗ್ಗೆ 7ರಿಂದ 10ರವರೆಗಿನ ಪಿನ್ ಕೊಟ್ಟು 10:20ಕ್ಕೆ ಬಂದವರನ್ನು ಹೊರಗೆ ನಿಲ್ಲಿಸಬೇಡಿ, ಅರ್ಧ ಗಂಟೆ ಹೆಚ್ಚಿಗೇ ಇಡಿ.

ಬ್ಯಾಟರಿ ಎಚ್ಚರಿಕೆ ಮಾಲೀಕ ಖಾತೆಗೆ ಮಾತ್ರ ಹೋಗುವ ಲಾಕುಗಳಿವೆ. ಮಾಲೀಕರು ಊರಲ್ಲಿಲ್ಲದಿದ್ದರೆ ಬ್ಯಾಟರಿ ಸದ್ದಿಲ್ಲದೆ ಸಾಯುತ್ತದೆ. ಹೊಸ ಆಲ್ಕಲೈನ್ ಬ್ಯಾಟರಿಗಳನ್ನೇ, ಎಲ್ಲವನ್ನೂ ಒಟ್ಟಿಗೆ ಬದಲಿಸಿ. ರೀಚಾರ್ಜ್ ಬ್ಯಾಟರಿ 1.2 ವೋಲ್ಟಿನದು, ಲಾಕಿಗೆ ಅದು ಯಾವಾಗಲೂ ಹಸಿದಂತೆಯೇ ಕಾಣುತ್ತದೆ. ಹೊರಗೆ ಸಿಕ್ಕಿಕೊಂಡರೆ ಲಾಕಿನ ಕೆಳಗೆ ಯುಎಸ್‌ಬಿ ಕಿಂಡಿಯೋ 9 ವೋಲ್ಟ್ ಬ್ಯಾಟರಿ ತಾಗಿಸುವ ಎರಡು ಚುಕ್ಕೆಯೋ ಇದೆಯಾ ನೋಡಿ. ಲೋಹದ ಕೀ ಮನೆಯೊಳಗಲ್ಲ, ಹೊರಗೆ ನಂಬಿಕಸ್ತರ ಬಳಿ ಇರಬೇಕು. ಒಳಗೆ ಮಗುವೋ ಹಿರಿಯರೋ ಸಿಕ್ಕಿಕೊಂಡಿದ್ದರೆ ಆ್ಯಪ್ ಜೊತೆ ಹೊತ್ತು ಕಳೆಯದೆ 112ಕ್ಕೆ ಕರೆ ಮಾಡಿ.

ಮನೆ ಬಿಟ್ಟುಹೋದವರು ಇನ್ನೂ ನೋಡುತ್ತಿದ್ದಾರೆ ಅನ್ನುವ ಅನುಮಾನ

ಲಕ್ಷಣಗಳು: ಕ್ಯಾಮೆರಾ ತಾನಾಗಿ ತಿರುಗುವುದು, ಯಾರೂ ನೋಡದ ಹೊತ್ತಲ್ಲಿ ನೋಡುತ್ತಿರುವ ಸೂಚಕ ದೀಪ ಹತ್ತುವುದು, ನೀವು ಹೇಳದ ಸಂಗತಿ ಹೊರಗಿನವರಿಗೆ ಗೊತ್ತಾಗುವುದು, ಖಾತೆಯಲ್ಲಿ ಗುರುತಿಲ್ಲದ ಫೋನು. ಕ್ಯಾಮೆರಾ ತಿರುಗುವುದಕ್ಕೆ ಚಲನೆ ಹಿಂಬಾಲಿಸುವ ಸೌಲಭ್ಯವೂ ಕಾರಣವಿರಬಹುದು, ಅದನ್ನು ಆರಿಸಿ ನೋಡಿ.

ಮಾಮೂಲಿ ಸಂದರ್ಭವಾದರೆ, ಅಂದರೆ ರೂಮ್‌ಮೇಟ್ ಖಾಲಿ ಮಾಡಿದರು, ಕೆಲಸದವರು ಬಿಟ್ಟರು ಅಷ್ಟೇ ಆಗಿದ್ದರೆ, ಕ್ರಮ ಹೀಗಿರಲಿ: ಸದಸ್ಯರ ಪಟ್ಟಿಯಿಂದ ತೆಗೆಯಿರಿ, ಒಂದೊಂದಾಗಿ ಹಂಚಿದ ಸಾಧನಗಳ ಪಟ್ಟಿ ಬೇರೆ ಇರುತ್ತದೆ ಅದನ್ನೂ ನೋಡಿ, ಪಾಸ್‌ವರ್ಡ್ ಬದಲಿಸಿ, ಎಲ್ಲ ಫೋನುಗಳಿಂದ ಲಾಗ್‌ಔಟ್ ಮಾಡಿಸಿ, ಲಾಕಿನ ಪಿನ್ ಮತ್ತು ಬೆರಳಚ್ಚು ಅಳಿಸಿ, ಕಡೆಗೆ ವೈಫೈ ಪಾಸ್‌ವರ್ಡ್. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಸದಸ್ಯರ ಅಧಿಕಾರ ಹೋಗುವುದಿಲ್ಲ, ಅವರು ಬರುವುದು ತಮ್ಮದೇ ಖಾತೆಯ ಬಾಗಿಲಿನಿಂದ.

ಆದರೆ ನೋಡುತ್ತಿರುವವರಿಂದ ಬೆದರಿಕೆಯಿದ್ದರೆ, ಮನೆಯೊಳಗೇ ಹಿಂಸೆಯಿದ್ದರೆ ಈ ಕ್ರಮ ಬೇಡ. ಅಧಿಕಾರ ಕಿತ್ತ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಮೊದಲು ಅವರ ಕೈಗೆ ಸಿಗದ ಫೋನಿನಿಂದ 181 ಮಹಿಳಾ ಸಹಾಯವಾಣಿ ಅಥವಾ 112ಕ್ಕೆ ಕರೆ ಮಾಡಿ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು, ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಅಪರಾಧ. ಬೆಂಗಳೂರಿನಲ್ಲಿ ನಿಮ್ಮ ವಿಭಾಗದ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದಾಖಲಿಸಬಹುದು. ಖಾತೆಯ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ.

ದೂರಿಗೆ ಬೇಕಾಗುವುದು ಸದಸ್ಯರ ಪಟ್ಟಿ, ಲಾಗಿನ್ ಆದ ಫೋನುಗಳ ಪಟ್ಟಿ, ಸಾಧನದ ಲಾಗ್, ಕ್ಯಾಮೆರಾದ ಮೆಮೊರಿ ಕಾರ್ಡು. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಕಾರ್ಡನ್ನು ಹೊರತೆಗೆದು ಲಕೋಟೆಯಲ್ಲಿಡಿ. ರೀಸೆಟ್ ಗುಂಡಿಗೆ ಕೈ ಹಾಕುವುದು ಅದಾದ ಮೇಲೆ. ಒತ್ತಿದರೆ ಯಾರು ಯಾವಾಗ ನೋಡಿದರು ಎಂಬ ದಾಖಲೆಯೂ ಟೈಮರುಗಳ ಜೊತೆಗೇ ಅಳಿಸಿಹೋಗುತ್ತದೆ.